ವಾರ್ಡಿನ ಆರೋಗ್ಯ ಯೋಜನೆ ಮತ್ತು ನಮ್ಮ ಸಂಘಗಳು: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಥಾಣೆ, ಡೊಂಬಿವಲಿ ಕಡೆಯ ಕನ್ನಡ ಸಂಘಗಳ ಜೊತೆ ಆರೋಗ್ಯದ ಕೆಲಸ ಮಾಡುವಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು ಇವು. ಸಂಘದ ಕಾರ್ಯದರ್ಶಿಗಳು ಕೇಳಿದ್ದಿವೆ, ಮಹಿಳಾ ವಿಭಾಗದ ಅಕ್ಕಂದಿರು ಕೇಳಿದ್ದಿವೆ, ಕಟ್ಟಡ ಕೆಲಸದ ಅಣ್ಣಂದಿರು ಕೇಳಿದ್ದೂ ಇವೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಮಾತು ಸಾಕು.

ನಮ್ಮದು ಯಕ್ಷಗಾನ, ನಾಟಕ, ರಾಜ್ಯೋತ್ಸವ ಮಾಡುವ ಸಂಘ. ಆರೋಗ್ಯ ಯೋಜನೆಗೂ ನಮಗೂ ಏನು ಸಂಬಂಧ?

ಪಾಲಿಕೆಗೆ ಇಲ್ಲದ ಒಂದು ವಿಷಯ ನಿಮ್ಮ ಹತ್ತಿರ ಇದೆ. ಅದು ಜನರ ಪರಿಚಯ. ಯಾವ ಚಾಳಿನಲ್ಲಿ ಯಾವ ಅಜ್ಜಿ ಒಬ್ಬರೇ ಇದ್ದಾರೆ, ಯಾವ ಹೋಟೆಲಿನ ಹುಡುಗ ತಿಂಗಳಿಂದ ಕೆಮ್ಮುತ್ತಿದ್ದಾನೆ, ಯಾರ ಮನೆಯ ಬಾಣಂತಿಗೆ ನೋಡಿಕೊಳ್ಳುವವರಿಲ್ಲ, ಇದೆಲ್ಲ ನಿಮಗೆ ಗೊತ್ತು. ವಾರ್ಡ್ ಆಫೀಸಿನ ಕಾಗದದಲ್ಲಿ ಇದು ಇರೋದಿಲ್ಲ. ಯೋಜನೆ ಹಾಕುವವರಿಗೆ ಈ ಜನ ಕಾಣಿಸದಿದ್ದರೆ ಅವರಿಗಾಗಿ ದುಡ್ಡೂ ಬರೋದಿಲ್ಲ, ಸಿಬ್ಬಂದಿಯೂ ಬರೋದಿಲ್ಲ.

ಇದು ನಮಗೆ ಹೊಸ ದಾರಿಯೂ ಅಲ್ಲ. ಈ ಊರಿನ ಕನ್ನಡ ರಾತ್ರಿಶಾಲೆಗಳು ಹಗಲೆಲ್ಲ ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ಓದು ಕಲಿಸಿದವು. ಅದೂ ಸಂಘಸಂಸ್ಥೆಗಳು ತಾವಾಗಿ ಮೈಮೇಲೆ ಹಾಕಿಕೊಂಡ ಕೆಲಸವೇ.

ವರ್ಷಕ್ಕೊಮ್ಮೆ ಉಚಿತ ಆರೋಗ್ಯ ಶಿಬಿರ ಮಾಡ್ತೀವಿ. ಅದು ಸಾಲದಾ?

ಶಿಬಿರ ಮಾಡಿ, ತಪ್ಪಿಲ್ಲ. ಆದರೆ ಸಾಲದು. ಒಂದು ಶಿಬಿರದಲ್ಲಿ ಮನೆಕೆಲಸ ಮಾಡುವ ಒಬ್ಬ ಅಕ್ಕನಿಗೆ ಸಕ್ಕರೆ ಜಾಸ್ತಿ ಬಂತು. ಡಾಕ್ಟರು ಚೀಟಿ ಬರೆದು ‘ಆಸ್ಪತ್ರೆಗೆ ತೋರಿಸಿ’ ಅಂದರು. ಆ ಅಕ್ಕ ಪರ್ಸಿನಿಂದ ನಾಲ್ಕು ಮಡಿಕೆ ಮಾಡಿದ ಇನ್ನೊಂದು ಚೀಟಿ ತೆಗೆದು ತೋರಿಸಿದರು. ಹಿಂದಿನ ವರ್ಷದ್ದು. ಬೇರೆ ಸಂಘದ ಶಿಬಿರ, ಅದೇ ಸಲಹೆ. ನಡುವಿನ ಒಂದು ವರ್ಷ ಅವರು ಎಲ್ಲೂ ಹೋಗಿರಲಿಲ್ಲ. ಹೋಗಬೇಕು ಅನ್ನೋದು ಗೊತ್ತಿತ್ತು. ಎಲ್ಲಿಗೆ, ಯಾವ ಹೊತ್ತಿಗೆ, ಎಷ್ಟು ಮನೆಯ ಕೆಲಸ ಬಿಟ್ಟು ಹೋಗಬೇಕು ಅನ್ನೋದು ಗೊತ್ತಿರಲಿಲ್ಲ.

ಶಿಬಿರಕ್ಕೆ ಬೆಲೆ ಬರಬೇಕಾದರೆ ಮೂರು ಕೆಲಸ ಸೇರಿಸಿಕೊಳ್ಳಿ. ಹತ್ತಿರದ ಪಾಲಿಕೆ ದವಾಖಾನೆಯ ಡಾಕ್ಟರನ್ನು ಮೊದಲೇ ಕೇಳಿ, ಅವರ ಒಪ್ಪಿಗೆ ಮೇಲೆ ಶಿಬಿರ ಇಟ್ಟುಕೊಳ್ಳಿ. ಬಿಪಿ, ಸಕ್ಕರೆ ಜಾಸ್ತಿ ಬಂದವರಿಗೆ ಯಾವ ದಿನ, ಎಲ್ಲಿಗೆ ಅಂತ ಬರೆದೇ ಕೊಡಿ. ಹದಿನೈದು ದಿನ ಬಿಟ್ಟು ಫೋನ್ ಮಾಡಿ ‘ಹೋದ್ರಾ?’ ಅಂತ ಕೇಳಿ. ಹೋಗದವರು ಯಾಕೆ ಹೋಗಲಿಲ್ಲ ಅನ್ನೋದನ್ನು ಬರೆದಿಡಿ. ಶಿಬಿರಕ್ಕೆ ಎಷ್ಟು ಜನ ಬಂದರು ಅನ್ನುವುದಕ್ಕಿಂತ ಈ ‘ಯಾಕೆ’ ಅನ್ನೋದೇ ಯೋಜನೆಗೆ ಬೇಕಾದ ಸರಕು.

ಮುಂಬಯಿಯಲ್ಲಿ ಆರೋಗ್ಯದ ಯೋಜನೆ ಹಾಕುವವರು ಯಾರು?

ಒಬ್ಬರಲ್ಲ. ಹಾಗಾಗಿ ಎಲ್ಲಿ ಹೋಗಿ ಕೇಳಬೇಕು ಅನ್ನೋದೇ ಗೊಂದಲ.

ಮುಖ್ಯವಾದದ್ದು ಬೃಹನ್ಮುಂಬಯಿ ಮಹಾನಗರ ಪಾಲಿಕೆ. ಬೇರೆ ಎಷ್ಟೋ ಊರುಗಳಲ್ಲಿ ದೊಡ್ಡಾಸ್ಪತ್ರೆ ಅಂದರೆ ರಾಜ್ಯ ಸರ್ಕಾರದ್ದು. ಇಲ್ಲಿ ಪಾಲಿಕೆಗೇ ಮೆಡಿಕಲ್ ಕಾಲೇಜುಗಳಿವೆ. ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲಿನ ನಾಯರ್, ಜುಹೂ ಕಡೆಯ ಕೂಪರ್ ಎಲ್ಲ ಪಾಲಿಕೆಯವು. ಜೆ.ಜೆ. ಆಸ್ಪತ್ರೆ ರಾಜ್ಯದ್ದು. ದೊಡ್ಡಾಸ್ಪತ್ರೆಗಳ ಕೆಳಗೆ ಘಾಟ್ಕೋಪರಿನ ರಾಜಾವಾಡಿಯಂಥ ಉಪನಗರದ ಆಸ್ಪತ್ರೆಗಳು, ಹೆರಿಗೆ ಆಸ್ಪತ್ರೆಗಳು, ದವಾಖಾನೆಗಳು, ಹೆಲ್ತ್ ಪೋಸ್ಟ್ ಅನ್ನೋ ಸಣ್ಣ ಆರೋಗ್ಯ ಕೇಂದ್ರಗಳು ಬರುತ್ತವೆ. 2022ರಿಂದ ‘ಆಪ್ಲಾ ದವಾಖಾನಾ’ಗಳೂ ಸೇರಿವೆ. ದುಡಿಯುವವರಿಗೆ ಅನುಕೂಲವಾಗಲಿ ಅಂತ ಅವು ಸಂಜೆಯೂ ತೆರೆದಿರುತ್ತವೆ.

ಪ್ರತಿ ವಾರ್ಡಿಗೂ ಒಬ್ಬ ಆರೋಗ್ಯ ವೈದ್ಯಾಧಿಕಾರಿ ಇರುತ್ತಾರೆ. ಎಲ್ಲರೂ ‘ಎಂಒಎಚ್’ ಅಂತಾರೆ. ನಿಮ್ಮ ಪಾಲಿಗೆ ಅತಿ ಮುಖ್ಯ ವ್ಯಕ್ತಿ ಇವರೇ. ಹೆಲ್ತ್ ಪೋಸ್ಟಿನಿಂದ ಮನೆಮನೆಗೆ ಬರುವ ಆರೋಗ್ಯ ಸೇವಿಕೆಯರ ಲೆಕ್ಕ ಇವರ ಹತ್ತಿರ ಸೇರುತ್ತದೆ.

ಹಣ ಎರಡು ಕಡೆಯಿಂದ ಬರುತ್ತದೆ. ಒಂದು ಪಾಲಿಕೆಯ ಸ್ವಂತ ಬಜೆಟ್. ಅದನ್ನು ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಮಂಡಿಸುತ್ತಾರೆ. ಇನ್ನೊಂದು 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಆರೋಗ್ಯ ಮಿಷನ್. ಮುಂಬಯಿಯಂಥ ಏಳು ಮಹಾನಗರಗಳಲ್ಲಿ ಮಿಷನ್ನಿನ ಕೆಲಸ ನೇರವಾಗಿ ಪಾಲಿಕೆಯ ಮೂಲಕವೇ ನಡೆಯುತ್ತದೆ. ಅದಕ್ಕೊಂದು ಕಾರ್ಯಯೋಜನೆ ಬರೆಯಬೇಕು, ಅಧಿಕಾರಿಗಳು ಅದನ್ನು ‘ಪಿಐಪಿ’ ಅಂತಾರೆ. ನಗರದಿಂದ ರಾಜ್ಯಕ್ಕೆ, ರಾಜ್ಯದಿಂದ ದಿಲ್ಲಿಗೆ ಹೋಗಿ ಮಂಜೂರಾಗಿ ಬರುತ್ತದೆ. ನಿಯಮದ ಪ್ರಕಾರ ಇದು ಕೆಳಗಿನಿಂದ ಮೇಲಕ್ಕೆ ಬರಬೇಕು. ಕೆಳಗಿನಿಂದ ಯಾರೂ ಏನೂ ಹೇಳದಿದ್ದರೆ ಹೋದ ವರ್ಷದ ಲೆಕ್ಕಕ್ಕೇ ಒಂದಿಷ್ಟು ಸೇರಿಸಿ ಕಳಿಸುವುದು ಯಾರಿಗೂ ಸುಲಭ, ಅಲ್ವಾ? ನಾವು ಮಾತಾಡಬೇಕಾದ ಜಾಗ ಇದು.

ಇನ್ನು ಜಾಗದ ಪ್ರಶ್ನೆ. ಯಾವ ಪ್ಲಾಟಿನಲ್ಲಿ ದವಾಖಾನೆ ಬರಬೇಕು, ಎಲ್ಲಿ ಆಸ್ಪತ್ರೆ ಬರಬೇಕು ಅಂತ ಕಾದಿಟ್ಟಿರುವುದು ನಗರದ ಅಭಿವೃದ್ಧಿ ಯೋಜನೆಯಲ್ಲಿ. ಈಗಿನದು 2034ರವರೆಗಿನ ಯೋಜನೆ. ನಿಮ್ಮ ವಾರ್ಡಿನ ನಕ್ಷೆ ನೋಡಿ. ದವಾಖಾನೆಗೆ ಅಂತ ಗುರುತು ಮಾಡಿದ ಜಾಗ ಖಾಲಿ ಬಿದ್ದಿದೆಯಾ, ಒತ್ತುವರಿ ಆಗಿದೆಯಾ ಅಂತ ಕಣ್ಣಾರೆ ನೋಡಿ ಬನ್ನಿ.

ನಾವಿರೋದು ಡೊಂಬಿವಲಿ. ಕೆಲಸ ಅಂಧೇರಿಯಲ್ಲಿ, ಚಿಕಿತ್ಸೆ ಪರೇಲಿನಲ್ಲಿ. ನಾವು ಯಾವ ಯೋಜನೆಗೆ ಸೇರಿದವರು?

ಇದು ತುಂಬಾ ಸರಿಯಾದ ಪ್ರಶ್ನೆ. ಕಾಗದದ ಮೇಲೆ ನೀವು ಕಲ್ಯಾಣ್-ಡೊಂಬಿವಲಿ ಪಾಲಿಕೆಯವರು. ಮುಂಬಯಿ ಮಹಾನಗರ ಪ್ರದೇಶದಲ್ಲಿ ಒಂಬತ್ತು ಮಹಾನಗರ ಪಾಲಿಕೆಗಳಿವೆ: ಬೃಹನ್ಮುಂಬಯಿ, ಥಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬಯಿ, ಉಲ್ಲಾಸನಗರ, ಭಿವಂಡಿ-ನಿಜಾಂಪುರ, ವಸಾಯಿ-ವಿರಾರ್, ಮೀರಾ-ಭಾಯಂದರ್, ಪನವೇಲ್. ಒಂದೊಂದರ ಆರೋಗ್ಯ ಇಲಾಖೆಯೂ ಬೇರೆ, ಬಜೆಟ್ಟೂ ಬೇರೆ. ರೋಗಿ ಮಾತ್ರ ಲೋಕಲ್ ಹತ್ತಿ ಎಲ್ಲಿ ಆಸ್ಪತ್ರೆ ಚೆನ್ನಾಗಿದೆಯೋ ಅಲ್ಲಿಗೆ ಹೋಗುತ್ತಾನೆ.

ಮೆಟ್ರೊ, ಮೇಲ್ಸೇತುವೆಗಳನ್ನು ಇಡೀ ಪ್ರದೇಶಕ್ಕೆ ಒಟ್ಟಾಗಿ ಯೋಚಿಸಲು ಎಂಎಂಆರ್‌ಡಿಎ, ಅಂದರೆ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ. ಆರೋಗ್ಯವನ್ನೂ ಹಾಗೇ ಒಟ್ಟಾಗಿ ಯೋಚಿಸಬೇಕು ಅನ್ನೋದು ನಮ್ಮ ಗಟ್ಟಿ ಅಭಿಪ್ರಾಯ. ಸಂಘಗಳಿಗೆ ಇಲ್ಲಿ ಒಂದು ಅನುಕೂಲ ಇದೆ. ಪಾಲಿಕೆಯ ಗಡಿ ಪಾಲಿಕೆಗೆ ಮಾತ್ರ, ನಮಗಲ್ಲ. ಒಂದೇ ಸಂಘದ ಸದಸ್ಯರು ವಿರಾರಿನಲ್ಲೂ ಇದ್ದಾರೆ, ಪನವೇಲಿನಲ್ಲೂ ಇದ್ದಾರೆ. ಡಯಾಲಿಸಿಸ್‌ಗೆ, ಕೀಮೊಥೆರಪಿಗೆ ಎಲ್ಲಿಂದ ಎಲ್ಲಿಗೆ ಓಡಾಡ್ತಾರೆ ಅನ್ನೋ ಮಾಹಿತಿಯನ್ನು ಎರಡೂ ಪಾಲಿಕೆಗಳಿಗೆ ಒಟ್ಟಿಗೆ ಕೊಡುವುದು ನಿಮ್ಮಿಂದ ಆಗುವ ಕೆಲಸ.

ಸ್ವಯಂಸೇವಾ ಸಂಸ್ಥೆಗಳಿಗೆ ಕಾನೂನಿನಲ್ಲಿ ಜಾಗ ಇದೆಯಾ? ಅಥವಾ ಸುಮ್ನೆ ಹೋಗಿ ಕೈಮುಗಿದು ನಿಲ್ಲಬೇಕಾ?

ಜಾಗ ಇದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ವಾರ್ಡ್ ಸಮಿತಿಗಳು ಬಂದವು. ಮುಂಬಯಿ ಪಾಲಿಕೆಯ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಕಾರ್ಪೊರೇಟರುಗಳ ಜೊತೆಗೆ, ಆ ಭಾಗದಲ್ಲಿ ಸಮಾಜಸೇವೆ ಮಾಡುವ ಮಾನ್ಯತೆ ಪಡೆದ ಸಂಸ್ಥೆಗಳಿಂದ ಮೂವರವರೆಗೆ ಸದಸ್ಯರನ್ನು ನಾಮನಿರ್ದೇಶನ ಮಾಡಲು ಅವಕಾಶ ಇದೆ. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಬಹಳ ಕಾಲ ಚುನಾಯಿತರೇ ಇರಲಿಲ್ಲ, ಆಡಳಿತ ಅಧಿಕಾರಿಗಳ ಕೈಯಲ್ಲಿತ್ತು. ಅಂಥ ಹೊತ್ತಿನಲ್ಲಿ ಈ ಬಾಗಿಲು ಮುಚ್ಚಿಹೋಗುತ್ತದೆ. ಆದ್ದರಿಂದ ಒಂದೇ ಬಾಗಿಲನ್ನು ನಂಬಿ ಕೂರಬಾರದು.

ಎರಡನೇ ಬಾಗಿಲು ಆರೋಗ್ಯ ಮಿಷನ್ನಿನ ಸಮಿತಿಗಳು. ಬಸ್ತಿಯ, ಅಂದರೆ ಬಡವರ ವಸತಿಯ ಮಟ್ಟದಲ್ಲಿ ಮಹಿಳಾ ಆರೋಗ್ಯ ಸಮಿತಿ, ಆಸ್ಪತ್ರೆ, ಆರೋಗ್ಯ ಕೇಂದ್ರದ ಮಟ್ಟದಲ್ಲಿ ರೋಗಿ ಕಲ್ಯಾಣ ಸಮಿತಿ ಅಥವಾ ಜನ ಆರೋಗ್ಯ ಸಮಿತಿ. ಮೂರನೆಯದು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ‘ನಮ್ಮ ವಾರ್ಡಿನ ಹೆಲ್ತ್ ಪೋಸ್ಟಿನಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು’ ಅನ್ನೋ ಒಂದೇ ಪ್ರಶ್ನೆಯಿಂದ ಶುರು ಮಾಡಿ. ಇದು ಬರೆಯಲು ಸುಲಭ, ಉತ್ತರ ಕೊಡುವವರಿಗೂ ಗೊಂದಲ ಇಲ್ಲ.

ಮಹಿಳಾ ಆರೋಗ್ಯ ಸಮಿತಿ ಅಂದ್ರೆ ಏನು? ನಮ್ಮ ಅಕ್ಕಂದಿರು ಸೇರಬಹುದಾ?

ಸೇರಬಹುದು, ಸೇರಲೇಬೇಕು. ಬಡವರ ವಸತಿಯಲ್ಲಿ ಸುಮಾರು 50ರಿಂದ 100 ಮನೆಗೆ ಒಂದು ಸಮಿತಿ, ಹತ್ತು ಹನ್ನೆರಡು ಜನ ಹೆಂಗಸರು, ಬ್ಯಾಂಕಿನಲ್ಲಿ ಸಮಿತಿಯ ಹೆಸರಿನ ಖಾತೆ, ವರ್ಷಕ್ಕೆ 5,000 ರೂಪಾಯಿ ಅನುದಾನ. ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋದನ್ನು ಸಮಿತಿಯೇ ತೀರ್ಮಾನ ಮಾಡುತ್ತದೆ. ನೀರಿನ ಟಾಂಕಿ ತೊಳೆಸುವುದಿರಬಹುದು, ರಾತ್ರಿ ಹೊತ್ತಿನಲ್ಲಿ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಆಟೊ ಖರ್ಚಿರಬಹುದು.

ದುಡ್ಡು ಸಣ್ಣದು. ಆದರೆ ಪಾಸ್‌ಬುಕ್, ಸಭೆಯ ನಡಾವಳಿ ಪುಸ್ತಕ, ಸಹಿ, ಇವು ಸಣ್ಣವಲ್ಲ. ‘ನಮ್ಮ ಗಲ್ಲಿಯಲ್ಲಿ ಲಸಿಕೆಯ ದಿನ ಎಲ್ಲರೂ ಕೆಲಸಕ್ಕೆ ಹೋಗಿರ್ತಾರೆ, ಭಾನುವಾರ ಇಡಿ’ ಅಂತ ನಡಾವಳಿಯಲ್ಲಿ ಬರೆದು ಹತ್ತು ಜನ ಸಹಿ ಹಾಕಿದರೆ ಅದು ದಾಖಲೆ. ಬಾಯಿಮಾತಿನ ದೂರಾದರೆ ಆ ಹೊತ್ತಿಗೆ ಮುಗಿದುಹೋಗುತ್ತದೆ. ನಿಮ್ಮ ಬಸ್ತಿಯಲ್ಲಿ ಸಮಿತಿ ಇದೆಯಾ, ಇದ್ದರೆ ಕಡೇ ಸಭೆ ಯಾವಾಗ ಆಯಿತು ಅಂತ ಹೆಲ್ತ್ ಪೋಸ್ಟಿನಲ್ಲಿ ಕೇಳಿ.

ಮಾಹಿತಿ ಕಲೆ ಹಾಕಿ ಅಂತೀರಿ. ನಮಗೆ ಸರ್ವೆ ಮಾಡೋಕೆ ಬರಲ್ಲವಲ್ಲ?

ದೊಡ್ಡ ಸರ್ವೆ ಬೇಡ. ಒಂದು ದಪ್ಪ ನೋಟ್‌ಬುಕ್ ಸಾಕು. ನಾವು ಬಳಸುವ ಪುಸ್ತಕದಲ್ಲಿ ಐದು ಗೆರೆ ಎಳೆದಿರುತ್ತೇವೆ: ತಾರೀಖು, ಯಾವ ಗಲ್ಲಿ, ಏನು ಬೇಕಿತ್ತು, ಎಲ್ಲಿಗೆ ಹೋದರು, ಸಿಕ್ಕಿತಾ ಇಲ್ಲವಾ. ಕಡೇ ಕಾಲಮ್ಮಿನಲ್ಲಿ ಕಾರಣ ಅವರ ಮಾತಿನಲ್ಲೇ ಬರೆಯುತ್ತೇವೆ. ‘ಹನ್ನೊಂದಕ್ಕೆ ಹೋದೆ, ಕೇಸ್ ಪೇಪರ್ ಖಿಡಕಿ ಬಂದ್ ಆಗಿತ್ತು.’ ‘ಸೋನೋಗ್ರಫಿಗೆ ಮುಂದಿನ ತಿಂಗಳ ತಾರೀಖು ಕೊಟ್ರು.’ ‘ಮಾತ್ರೆ ಹೊರಗಡೆಯಿಂದ ತನ್ನಿ ಅಂದ್ರು.’ ‘ಒಬ್ಬಳೇ ಹೋಗೋಕೆ ಹೆದರಿಕೆ ಆಯ್ತು.’

ಆರು ತಿಂಗಳು ಬರೆದ ಮೇಲೆ ಪುಟ ತಿರುಗಿಸಿ ನೋಡಿ. ಒಂದೇ ಮಾತು ಹಲವು ಕಡೆ ಸಿಗುತ್ತದೆ. ಅದೇ ನಿಮ್ಮ ಬೇಡಿಕೆ. ‘ನಮ್ಮ ವಾರ್ಡಿಗೆ ಒಳ್ಳೆ ಆರೋಗ್ಯ ಸೇವೆ ಕೊಡಿ’ ಅಂತ ಬರೆದ ಅರ್ಜಿಗೆ ಅಧಿಕಾರಿ ಏನು ಮಾಡಲಾದೀತು? ‘ಸಂಜೆ ಐದರ ಮೇಲೆ ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಕೊಡುವ ವ್ಯವಸ್ಥೆ ಈ ದವಾಖಾನೆಯಲ್ಲಿ ಮಾಡಿ, ಯಾಕಂದರೆ ಈ ಮೂರು ಗಲ್ಲಿಯ ಹೆಂಗಸರು ಐದರವರೆಗೆ ಮನೆಗೆಲಸದಲ್ಲಿರ್ತಾರೆ’ ಅಂತ ಬರೆದರೆ ಅವರು ಹೌದು ಅನ್ನಬೇಕು, ಇಲ್ಲಾ ಕಾರಣ ಕೊಡಬೇಕು.

ಅರ್ಜಿ ಮರಾಠಿಯಲ್ಲಿರಲಿ. ಇದು ಮಹಾರಾಷ್ಟ್ರ, ಕಚೇರಿಯ ಭಾಷೆ ಮರಾಠಿ. ಸಂಘದ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತಿರ್ತಾರೆ, ಅವರ ಕೈಯಲ್ಲಿ ಬರೆಸಿ.

ಜನರ ಹೆಸರು, ಕಾಯಿಲೆ ಎಲ್ಲ ಬರೆದುಕೊಳ್ಳಬಹುದಾ?

ಹೆಸರು ಬೇಡ. ಗಲ್ಲಿ, ವಯಸ್ಸು, ತೊಂದರೆ, ಇಷ್ಟು ಸಾಕು. ಟಿಬಿ, ಎಚ್‌ಐವಿ, ಮಾನಸಿಕ ಕಾಯಿಲೆ, ಮನೆಯಲ್ಲಿ ಹೊಡೆತ ತಿಂದ ವಿಷಯ ವಾಟ್ಸಾಪ್ ಗುಂಪಿನಲ್ಲಿ ಬರಲೇಬಾರದು. ನಂಬಿ ಹೇಳಿದ ಎಚ್‌ಐವಿ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವುದನ್ನು 2017ರ ಕಾಯ್ದೆ ನಿಷೇಧಿಸುತ್ತದೆ. ನಮ್ಮ ಸಮಾಜ ಚಿಕ್ಕದು, ಒಬ್ಬರ ಮಾತು ಮದುವೆ ಮಾತುಕತೆವರೆಗೂ ಹೋಗಿ ಮುಟ್ಟುತ್ತದೆ. ನಂಬಿ ಹೇಳಿದವರಿಗೆ ನಮ್ಮಿಂದಲೇ ಕೆಡುಕಾಗಬಾರದು.

ಸ್ವಯಂಸೇವಾ ಸಂಸ್ಥೆಗಳು ನಿಜಕ್ಕೂ ಏನಾದರೂ ಬದಲಾಯಿಸಿದ್ದುಂಟಾ?

ಉಂಟು. ಈ ಊರಿನದೇ ಉದಾಹರಣೆಗಳಿವೆ.

ಬಾಂದ್ರಾದ ಪಾಲಿಕೆ ಆಸ್ಪತ್ರೆ ಕೆ.ಬಿ. ಭಾಭಾದಲ್ಲಿ ‘ದಿಲಾಸಾ’ ಅನ್ನೋ ಕೇಂದ್ರ ಇದೆ. ಮನೆಯಲ್ಲಿ ಹಿಂಸೆ ಅನುಭವಿಸಿದ ಹೆಂಗಸರಿಗೆ ಆಸ್ಪತ್ರೆಯೊಳಗೇ ಆಪ್ತಸಲಹೆ, ಕಾನೂನಿನ ಸಹಾಯ. ಸುಟ್ಟ ಗಾಯ, ಮುರಿದ ಕೈ ಹೊತ್ತು ಬರುವ ಹೆಂಗಸು ಪೊಲೀಸ್ ಠಾಣೆಗೆ ಹೋಗದಿದ್ದರೂ ಆಸ್ಪತ್ರೆಗಂತೂ ಬರುತ್ತಾಳೆ ಅನ್ನೋದು ಇದರ ಹಿಂದಿನ ವಿಚಾರ. ಸೆಹತ್ ಅನ್ನೋ ಸಂಸ್ಥೆ ಮತ್ತು ಪಾಲಿಕೆ ಸೇರಿ 2000ದ ಹೊತ್ತಿಗೆ ಇದನ್ನು ಶುರು ಮಾಡಿದವು. ಆಮೇಲೆ ನಗರ ಆರೋಗ್ಯ ಮಿಷನ್ನಿನ ಹಣದಿಂದ ಪಾಲಿಕೆಯ ಬೇರೆ ಆಸ್ಪತ್ರೆಗಳಿಗೂ ಹೋಯಿತು. ಒಂದು ಸಂಸ್ಥೆಯ ಪ್ರಯೋಗ ಸರ್ಕಾರದ ಯೋಜನೆಯ ಒಂದು ಸಾಲಾಗುವುದು ಅಂದರೆ ಇದು. ನಮ್ಮ ಗುರಿ ಇದೇ ಆಗಿರಬೇಕು.

ಸ್ನೇಹಾ ಸಂಸ್ಥೆಯನ್ನು 1999ರಲ್ಲಿ ಕಟ್ಟಿದವರು ಸಯನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಡಾಕ್ಟರಾಗಿದ್ದ ಅರ್ಮಿಡಾ ಫರ್ನಾಂಡಿಸ್. ಆಸ್ಪತ್ರೆಯ ವಾರ್ಡಿನೊಳಗೆ ಕೂಸುಗಳನ್ನು ಉಳಿಸಿದರೆ ಸಾಲದು, ಕೂಸು ಹುಟ್ಟುವ ಮನೆಯ ತನಕ ಹೋಗಬೇಕು ಅನ್ನೋ ದಾರಿ ಅದು. ಧಾರಾವಿಯ ಗಲ್ಲಿಗಳಲ್ಲಿ ಆ ಸಂಸ್ಥೆಯ ಹೆಂಗಸರು ಇಂದಿಗೂ ಕೆಲಸ ಮಾಡುತ್ತಾರೆ.

ಹಳ್ಳಿಗಳ ಕಡೆ ನೋಡಿದರೆ, 2007ರಿಂದ ಮಹಾರಾಷ್ಟ್ರದಲ್ಲಿ ಜನರೇ ಆರೋಗ್ಯ ಸೇವೆಯ ಮೇಲೆ ನಿಗಾ ಇಡುವ ಕೆಲಸ ನಡೆಯಿತು. ಪುಣೆಯ ಸಾಥಿ ಸಂಸ್ಥೆ ಇದರ ಹೊಣೆ ಹೊತ್ತಿತ್ತು. ಊರಿನವರೇ ಆರೋಗ್ಯ ಕೇಂದ್ರಕ್ಕೆ ಅಂಕ ಕೊಡುವುದು, ಆಮೇಲೆ ಜನಸುನಾವಣೆ ಅನ್ನೋ ಬಹಿರಂಗ ವಿಚಾರಣೆಯಲ್ಲಿ ಅಧಿಕಾರಿಗಳ ಎದುರಿಗೇ ಅದನ್ನು ಓದುವುದು. ಅಧಿಕಾರಿ ಅಲ್ಲೇ ಉತ್ತರ ಹೇಳಬೇಕು. ನಗರದಲ್ಲೂ ಈ ಪದ್ಧತಿ ಬೇಕು ಅಂತ ನಾವು ಕೇಳುತ್ತಲೇ ಇರಬೇಕು.

2015ರಲ್ಲಿ ಪ್ರಕಟವಾದ ಮುಂಬಯಿ ಅಭಿವೃದ್ಧಿ ಯೋಜನೆಯ ಕರಡಿಗೆ ಜನರಿಂದ ಎಷ್ಟು ಆಕ್ಷೇಪ ಬಂತು ಅಂದರೆ, ಸರ್ಕಾರ ಅದೇ ವರ್ಷ ಅದನ್ನು ಕೈಬಿಟ್ಟು ಮತ್ತೆ ಬರೆಯಲು ಹೇಳಿತು. ಬರೆದುಕೊಟ್ಟ ಆಕ್ಷೇಪಕ್ಕೆ ತೂಕ ಇದೆ.

ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯವರಿಗೆ ಇಲ್ಲಿನ ರೇಷನ್ ಕಾರ್ಡ್ ಇಲ್ಲ. ಅವರಿಗೆ ಏನು ಸಿಗುತ್ತದೆ?

ಬೆಳಗಾದರೆ ನಾಕಾದಲ್ಲಿ ಬುತ್ತಿ ಗಂಟು, ಸನಿಕೆ ಹಿಡಿದು ನಿಲ್ಲುವ ನಮ್ಮವರನ್ನು ನೀವೂ ನೋಡಿರ್ತೀರಿ. ಯೋಜನೆಗಳಿಂದ ಮೊದಲು ತಪ್ಪಿಹೋಗುವವರು ಇವರು. ಇವತ್ತು ಇಲ್ಲಿ, ಮುಂದಿನ ತಿಂಗಳು ಬೇರೆ ಸೈಟಿನಲ್ಲಿ. ಆರೋಗ್ಯ ಸೇವಿಕೆಯ ಪಟ್ಟಿಗೆ ಹೆಸರು ಸೇರುವಷ್ಟರಲ್ಲಿ ಜಾಗ ಬದಲಾಗಿರುತ್ತದೆ.

ಮೊದಲ ಮಾತು: ಪಾಲಿಕೆ ದವಾಖಾನೆ, ಆಸ್ಪತ್ರೆಯಲ್ಲಿ ತೋರಿಸಲು ರೇಷನ್ ಕಾರ್ಡ್ ಬೇಕಿಲ್ಲ. ಮಕ್ಕಳ ಲಸಿಕೆಗೂ ಬೇಕಿಲ್ಲ. ದೊಡ್ಡ ಆಪರೇಶನ್ನಿಗೆ ನೆರವಾಗುವ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ಡೊಮಿಸೈಲ್ (ರಾಜ್ಯದ ವಾಸದ ಪ್ರಮಾಣಪತ್ರ) ಕೇಳುತ್ತಾರೆ. ಆದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಕಾರ್ಮಿಕರೂ ಆ ಯೋಜನೆಯ ಪಟ್ಟಿಯಲ್ಲಿದ್ದಾರೆ. ನೋಂದಣಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಕಷ್ಟ ಇರೋದು ಅಲ್ಲೇ. ಕಂತ್ರಾಟುದಾರ ಸಹಿ ಹಾಕಿಕೊಡೋದಿಲ್ಲ. ಸಂಘದ ಇಬ್ಬರು ಹಿರಿಯರು ಹೋಗಿ ಕಂತ್ರಾಟುದಾರನ ಜೊತೆ ಕೂತು ಮಾತಾಡಿದರೆ ಎಷ್ಟೋ ಸಲ ಸಹಿ ಸಿಗುತ್ತದೆ. ನಮ್ಮವರ ಬಗ್ಗೆ ಕೇಳುವವರಿದ್ದಾರೆ ಅಂತ ಗೊತ್ತಾದರೆ ಸಾಕು.

ಊರಿನಲ್ಲಿ ಆಯುಷ್ಮಾನ್ ಭಾರತ್ ಕಾರ್ಡ್ ಮಾಡಿಸಿದ್ದರೆ ಇಲ್ಲಿನ ಸೇರ್ಪಡೆಗೊಂಡ ಆಸ್ಪತ್ರೆಗಳಲ್ಲೂ ಅದು ನಡೆಯುತ್ತದೆ. ಜಾತ್ರೆಗೆ, ಹಬ್ಬಕ್ಕೆ ಊರಿಗೆ ಹೋಗುವವರಿಗೆ ‘ಬರುವಾಗ ಕಾರ್ಡ್ ಮಾಡಿಸಿಕೊಂಡೇ ಬನ್ನಿ’ ಅಂತ ಹೇಳಿ ಕಳಿಸಿ.

ಖಾಸಗಿ ದೊಡ್ಡಾಸ್ಪತ್ರೆಗಳಲ್ಲಿ ಬಡವರಿಗೆ ಹಾಸಿಗೆ ಇರುತ್ತದಂತೆ. ನಿಜವಾ?

ನಿಜ. ಟ್ರಸ್ಟ್ ಆಗಿ ನೋಂದಣಿಯಾದ ಚಾರಿಟಿ ಆಸ್ಪತ್ರೆಗಳು ತಮ್ಮ ಹಾಸಿಗೆಗಳಲ್ಲಿ ಶೇ. 10ರಷ್ಟನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನೊಂದು ಶೇ. 10ರಷ್ಟನ್ನು ಕಡಿಮೆ ಆದಾಯದವರಿಗೆ ರಿಯಾಯಿತಿ ದರದಲ್ಲಿ ಕಾದಿಡಬೇಕು. ಬಿಲ್ಲಿನ ಒಟ್ಟು ಮೊತ್ತದ ಶೇ. 2ರಷ್ಟನ್ನು ಬಡ ರೋಗಿಗಳ ನಿಧಿಗೆ ಹಾಕಬೇಕು. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಮು, ಅದರ ಮೇಲೆ 2006ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿದ ಸ್ಕೀಮು, ಇವೆರಡೂ ಇದಕ್ಕೆ ಆಧಾರ. ತುರ್ತಿನ ಹೊತ್ತಿನಲ್ಲಿ ಡಿಪಾಜಿಟ್ ಕೇಳದೆ ಮೊದಲು ಸೇರಿಸಿಕೊಳ್ಳಬೇಕು.

ಆದಾಯದ ಮಿತಿಯನ್ನು ಆಗಾಗ ಬದಲಿಸುತ್ತಾರೆ, ಹೋಗುವ ಮೊದಲು ಚಾರಿಟಿ ಕಮಿಷನರ್ ಕಚೇರಿಯಲ್ಲಿ ವಿಚಾರಿಸಿ. ತಹಸೀಲ್ದಾರರ ಆದಾಯ ಪ್ರಮಾಣಪತ್ರ ಅಥವಾ ರೇಷನ್ ಕಾರ್ಡ್ ಜೊತೆಗಿರಲಿ. ಆಸ್ಪತ್ರೆಯಲ್ಲಿ ಮೊದಲು ಕೇಳಬೇಕಾದ್ದು ಬಿಲ್ಲಿಂಗ್ ಕೌಂಟರನ್ನಲ್ಲ, ಸಮಾಜ ಸೇವಾ ವಿಭಾಗವನ್ನು. ಸಂಘದ ಲೆಟರ್‌ಹೆಡ್ಡಿನ ಮೇಲೆ ಒಂದು ಪತ್ರ ಒಯ್ದರೆ ಮಾತು ಬೇಗ ಮುಂದುವರಿಯುತ್ತದೆ.

ಹಿಂದಿ, ಮರಾಠಿ ಬಾರದವರು ಆಸ್ಪತ್ರೆಯಲ್ಲಿ ತಮ್ಮ ಕಷ್ಟ ಹೇಗೆ ಹೇಳಬೇಕು?

ಇದಕ್ಕೆ ಸಂಘಗಳು ನಾಳೆಯೇ ಕೆಲಸ ಶುರು ಮಾಡಬಹುದು. ವಾರಕ್ಕೆ ಒಂದು ಬೆಳಗ್ಗೆ ಬಿಡುವಿರುವ ನಿವೃತ್ತರು, ಗೃಹಿಣಿಯರು, ಕಾಲೇಜು ಮಕ್ಕಳ ಪಟ್ಟಿ ಮಾಡಿ. ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಆ ಪಟ್ಟಿಯನ್ನೂ ಒಂದು ಫೋನ್ ನಂಬರನ್ನೂ ಕೊಡಿ. ಈ ವೈದ್ಯಕೀಯ ಸಮಾಜ ಸೇವಕರ ಹುದ್ದೆ ದೇಶದಲ್ಲಿ ಶುರುವಾದದ್ದೇ ಈ ಊರಿನ ಜೆ.ಜೆ. ಆಸ್ಪತ್ರೆಯಲ್ಲಿ, 1946ರಲ್ಲಿ. ಅವರಿಗೂ ಕೈಜೋಡಿಸುವವರು ಬೇಕು.

ಜೊತೆಗೆ ಹೋಗುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ರೋಗಿ ಹೇಳಿದ್ದನ್ನಷ್ಟೇ ಹೇಳಿ, ನಿಮ್ಮ ಸ್ವಂತ ವೈದ್ಯಕೀಯ ಸಲಹೆ ಸೇರಿಸಬೇಡಿ. ಗರ್ಭಿಣಿಯ ಜೊತೆ, ಮುಟ್ಟಿನ ತೊಂದರೆ ಇರುವವರ ಜೊತೆ ಹೆಂಗಸರೇ ಹೋಗಲಿ. ಗಂಡನೋ ಅತ್ತೆಯೋ ಎದುರಿಗಿದ್ದಾಗ ಆಕೆ ಹೇಳಲಾರದ ಮಾತುಗಳಿರುತ್ತವೆ.

ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಹೋಟೆಲಿನ ಹುಡುಗರು ಮಲಗುವ ಕೋಣೆಯ ಗೋಡೆಗೆ ಅಂಟಿಸಿ.

ಟಿಬಿ ಬಂದ ಹುಡುಗರು ಮಾತ್ರೆ ಅರ್ಧಕ್ಕೆ ಬಿಟ್ಟು ಊರಿಗೆ ಹೊರಟುಬಿಡ್ತಾರೆ. ಏನು ಮಾಡೋದು?

ಬೈಯಬೇಡಿ. ಮಾಲೀಕ ರಜೆ ಕೊಡೋದಿಲ್ಲ, ಜೊತೆ ಮಲಗುವವರು ದೂರ ಸರಿಯುತ್ತಾರೆ, ಹುಡುಗ ಗಾಬರಿಯಾಗಿ ರಾತ್ರಿ ಬಸ್ಸು ಹತ್ತುತ್ತಾನೆ. ಸಾಮಾನ್ಯ ಟಿಬಿಗೆ ಆರು ತಿಂಗಳ ಮಾತ್ರೆ, ಪೂರ್ತಿ ಉಚಿತ. ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ನೇರ ಖಾತೆಗೆ ಬರುತ್ತದೆ. 2024ರ ನವೆಂಬರಿನವರೆಗೆ ಅದು 500 ಇತ್ತು. ನಿಕ್ಷಯ್ ಅನ್ನೋ ಆನ್‌ಲೈನ್ ದಾಖಲೆಯಲ್ಲಿ ಅವನ ಹೆಸರಿರುತ್ತದೆ. ಹೋಗುವ ಮೊದಲು ಹೆಲ್ತ್ ಪೋಸ್ಟಿಗೆ ಹೇಳಿದರೆ ಅದನ್ನು ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡುತ್ತಾರೆ, ಮಾತ್ರೆ ಅಲ್ಲೇ ಸಿಗುತ್ತದೆ.

ಹೋಟೆಲ್ ಮಾಲೀಕರಲ್ಲಿ ನಮ್ಮ ಸಂಘಗಳ ಹಿರಿಯರೇ ಬಹಳ ಜನ. ಅವರಲ್ಲಿ ನಮ್ಮ ಒಂದು ವಿನಂತಿ: ಟಿಬಿ ಬಂದ ಹುಡುಗನನ್ನು ಕೆಲಸದಿಂದ ತೆಗೆಯಬೇಡಿ. ಡಾಕ್ಟರು ಹೇಳುವವರೆಗೆ ವಿಶ್ರಾಂತಿ ಕೊಡಿ, ಮಲಗುವ ಕೋಣೆಗೆ ಗಾಳಿ ಆಡುವಂತೆ ಮಾಡಿ, ಜೊತೆಯವರನ್ನೂ ಪರೀಕ್ಷೆ ಮಾಡಿಸಿ. ತೆಗೆದುಹಾಕಿದರೆ ಮುಂದಿನ ಹುಡುಗ ಕೆಮ್ಮನ್ನು ಬಚ್ಚಿಡುತ್ತಾನೆ.

ಮಕ್ಕಳು ಹೊರದೇಶದಲ್ಲಿ, ಇಲ್ಲಿ ವಯಸ್ಸಾದವರು ಇಬ್ಬರೇ. ಇಂಥವರಿಗೆ ಯೋಜನೆಯಲ್ಲಿ ಏನಿದೆ?

ಚಿಕಿತ್ಸೆಗೆ ಸ್ವಲ್ಪ ಇದೆ, ಆರೈಕೆಗೆ ತೀರಾ ಕಡಿಮೆ. 70 ದಾಟಿದವರಿಗೆ ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನಾ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಇದು ಬಂದದ್ದು 2024ರ ಅಕ್ಟೋಬರಿನಲ್ಲಿ. ಹಿರಿಯರ ಸಹಾಯವಾಣಿ 14567. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಕಾಯ್ದೆಯ ಪ್ರಕಾರ ಜೀವನಾಂಶಕ್ಕೆ ಅರ್ಜಿ ಹಾಕಬಹುದು.

ಆದರೆ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಮೇಲೆ ಡ್ರೆಸಿಂಗ್ ಯಾರು ಮಾಡಬೇಕು? ಮೂರನೇ ಮಹಡಿಯಿಂದ ಲಿಫ್ಟ್ ಇಲ್ಲದ ಕಟ್ಟಡ ಇಳಿಸಿ ಫಿಸಿಯೊಥೆರಪಿಗೆ ಯಾರು ಕರೆದುಕೊಂಡು ಹೋಗಬೇಕು? ಮರೆವಿನ ಕಾಯಿಲೆಯ ಯಜಮಾನರನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಹೆಂಡತಿಗೂ ಎಪ್ಪತ್ತು ದಾಟಿರುತ್ತದೆ, ಆಕೆಗೆ ಒಂದು ಮಧ್ಯಾಹ್ನದ ಬಿಡುವು ಯಾರು ಕೊಡಬೇಕು? ಯೋಜನೆಯ ಕಾಗದದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಈ ಕೆಲಸವನ್ನು ಈ ಊರಿನಲ್ಲಿ ಹೊತ್ತು ತಂದಿರುವವರು ಸ್ವಯಂಸೇವಾ ಸಂಸ್ಥೆಗಳೇ. ಬಾಂದ್ರಾದ ಶಾಂತಿ ಅವೇದನಾ ಸದನ 1986ರಲ್ಲಿ ತೆರೆಯಿತು. ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಕಡೇವರೆಗೂ ನೋಡಿಕೊಳ್ಳುವ, ಭಾರತದ ಮೊದಲ ಹಾಸ್ಪಿಸ್ ಅದು.

ನಮ್ಮ ಸಂಘಗಳಲ್ಲಿ ನಿವೃತ್ತ ನರ್ಸ್‌ಗಳು ಎಷ್ಟು ಜನ ಇದ್ದಾರೆ, ಒಮ್ಮೆ ಪಟ್ಟಿ ಮಾಡಿ ನೋಡಿ. ಕರಾವಳಿಯಿಂದ ಬಂದು ಈ ಊರಿನ ಆಸ್ಪತ್ರೆಗಳಲ್ಲಿ ದುಡಿದವರು ಬಹಳ. ವಾರಕ್ಕೊಮ್ಮೆ ಅವರೊಬ್ಬರು, ಜೊತೆಗೆ ಒಬ್ಬ ಯುವಕ, ಮನೆಭೇಟಿಗೆ ಹೊರಟರೆ ಒಂದು ಬೀದಿಯ ಹಿರಿಯರಿಗೆ ಎಷ್ಟೋ ಧೈರ್ಯ. ಹೋದ ಕಡೆ ಕಂಡದ್ದನ್ನು ಪುಸ್ತಕದಲ್ಲಿ ಬರೆಯಿರಿ, ‘ವಾರ್ಡಿಗೆ ಒಂದು ಮನೆ-ಆರೈಕೆ ತಂಡ’ ಅನ್ನೋ ಬೇಡಿಕೆಗೆ ಅದೇ ಆಧಾರ.

ಸರ್ಕಾರದ ಕೆಲಸವನ್ನು ನಾವೇ ಮಾಡಿದರೆ ಅವರು ಕೈ ತೊಳೆದುಕೊಳ್ಳೋದಿಲ್ವಾ?

ಆ ಭಯ ನಮಗೂ ಇದೆ. ಅದಕ್ಕೇ ಒಂದು ಗೆರೆ ಹಾಕಿಕೊಂಡಿದ್ದೇವೆ. ಜೊತೆಗೆ ಹೋಗುವುದು, ತಿಳಿಸಿ ಹೇಳುವುದು, ಬರೆದಿಡುವುದು, ಕೇಳುವುದು ನಮ್ಮ ಕೆಲಸ. ಮಾತ್ರೆ, ಡಾಕ್ಟರು, ಆಂಬುಲೆನ್ಸ್, ಹಾಸಿಗೆ ಸರ್ಕಾರದ ಕೆಲಸ. ಇಲ್ಲದ ಮಾತ್ರೆಯನ್ನು ಸಂಘದ ದುಡ್ಡಿನಲ್ಲಿ ಒಮ್ಮೆ ತಂದುಕೊಡಿ, ಮನುಷ್ಯನ ಜೀವ ಮೊದಲು. ಆದರೆ ಅದೇ ದಿನ ‘ಈ ಮಾತ್ರೆ ಇಲ್ಲ’ ಅಂತ ಲಿಖಿತವಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಆರೋಗ್ಯ ಸೇವಿಕೆಯರ ಸಂಬಳದ ಹೋರಾಟ ನಡೆದಾಗ ಅವರ ಜೊತೆ ನಿಲ್ಲಿ, ಅವರ ಜಾಗಕ್ಕೆ ಪುಕ್ಕಟೆ ಸ್ವಯಂಸೇವಕರನ್ನು ಕಳಿಸಬೇಡಿ.

ದುಡ್ಡು ಎಲ್ಲಿಂದ?

ಇದರಲ್ಲಿ ಬಹುಪಾಲು ಕೆಲಸಕ್ಕೆ ದೊಡ್ಡ ದುಡ್ಡು ಬೇಡ. ಓಡಾಟದ ಖರ್ಚು, ಜೆರಾಕ್ಸ್, ಫೋನು. ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ಹಣ ತೆಗೆದುಕೊಳ್ಳುವುದಾದರೆ ಸಂಘದ ನೋಂದಣಿ, ಲೆಕ್ಕಪರಿಶೋಧನೆ, 12ಎ, 80ಜಿ ಅಂತ ಕರೆಯುವ ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳು ಸರಿಯಾಗಿರಲಿ.

ಯಾವ ಪಕ್ಷದವರ ಜೊತೆ ಹೋಗಬೇಕು?

ಯಾರ ಜೊತೆಗೂ ಬೇಡ, ಎಲ್ಲರಿಗೂ ಕೊಡಿ. ಅದೇ ಅರ್ಜಿಯ ಪ್ರತಿ ಎಲ್ಲ ಕಾರ್ಪೊರೇಟರುಗಳಿಗೂ, ಶಾಸಕರಿಗೂ ಹೋಗಲಿ. ಮರಾಠಿ, ತಮಿಳು, ಉರ್ದು, ಭೋಜಪುರಿ ಮಾತಾಡುವ ನೆರೆಯವರ ಸಹಿಯೂ ಅದರಲ್ಲಿರಲಿ. ದವಾಖಾನೆಯ ಬಾಗಿಲು ಸಂಜೆ ತೆರೆದರೆ ಗಲ್ಲಿಯ ಎಲ್ಲರಿಗೂ ತೆರೆಯುತ್ತದೆ.

ಯಾವಾಗ ಶುರು ಮಾಡಬೇಕು? ಮೊದಲ ದಿನ ವಾರ್ಡ್ ಆಫೀಸಿಗೆ ಏನು ಒಯ್ಯಬೇಕು?

ಮಳೆಗಾಲಕ್ಕೆ ಮುಂಚೆ ಪುಸ್ತಕ ತೆರೆಯಿರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೇರಿಯಾ, ಡೆಂಗೆ, ಇಲಿಜ್ವರದ ಕಾಲ. ನೀರು ತುಂಬಿದ ಗಲ್ಲಿ ಯಾವುದು, ಸೊಂಟಮಟ್ಟ ನೀರಿನಲ್ಲಿ ನಡೆದವರಿಗೆ ಇಲಿಜ್ವರ ತಡೆಯುವ ಮಾತ್ರೆ ತಲುಪಿತಾ, ಎಲ್ಲ ಬರೆಯಿರಿ. ಅಕ್ಟೋಬರಿನಲ್ಲಿ ಕೂತು ಅದನ್ನು ಎರಡು ಪುಟಕ್ಕೆ ಇಳಿಸಿ. ನವೆಂಬರಿನಲ್ಲಿ ರಾಜ್ಯೋತ್ಸವದ ಗಡಿಬಿಡಿ ಇರುತ್ತದೆ, ಆದರೂ ಎಂಒಎಚ್ ಅವರನ್ನು ಆ ತಿಂಗಳಲ್ಲೇ ನೋಡಿ. ಬಜೆಟ್ ಮತ್ತು ಮಿಷನ್ನಿನ ಕಾರ್ಯಯೋಜನೆ ಬರೆಯುವ ಕೆಲಸ ಡಿಸೆಂಬರ್, ಜನವರಿಯ ಹೊತ್ತಿಗೆ ಜೋರಾಗಿರುತ್ತದೆ. ಈಚಿನ ವರ್ಷಗಳಲ್ಲಿ ಪಾಲಿಕೆ ಬಜೆಟ್ಟಿಗೆ ಮೊದಲು ಜನರಿಂದ ಸಲಹೆಯನ್ನೂ ಕೇಳುತ್ತಿದೆ. ಫೆಬ್ರವರಿಯಲ್ಲಿ ಹೋದರೆ ‘ಮುಂದಿನ ವರ್ಷ ನೋಡೋಣ’ ಅಂತ ಕೇಳಿಸಿಕೊಂಡು ಬರಬೇಕಾಗುತ್ತದೆ.

ಮೊದಲ ದಿನ ಮೂರು ಜನ ಸಾಕು, ಅದರಲ್ಲಿ ಒಬ್ಬರಾದರೂ ಬಸ್ತಿಯ ಹೆಂಗಸು ಇರಲಿ. ಎರಡು ಪುಟದ ಮರಾಠಿ ಟಿಪ್ಪಣಿ, ಸಂಘದ ನೋಂದಣಿ ಪತ್ರದ ಪ್ರತಿ, ಆ ದಪ್ಪ ನೋಟ್‌ಬುಕ್. ಬೇಡಿಕೆ ಒಂದೇ ಇರಲಿ, ಎರಡಿದ್ದರೆ ಜಾಸ್ತಿ. ಟಿಪ್ಪಣಿಯ ಇನ್ನೊಂದು ಪ್ರತಿಯ ಮೇಲೆ ತಾರೀಖು ಸಮೇತ, ಕಾಗದ ಸ್ವೀಕರಿಸುವ ಆವಕ ವಿಭಾಗದ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ಭೇಟಿಯ ದಿನ ಗೊತ್ತು ಮಾಡಿಕೊಂಡೇ ಎದ್ದು ಬನ್ನಿ.